ಬಿಸಿಲಿನ ಬೆಳೆಯಲ್ಲಿ ಪಾಲು ಯಾರಿಗೆ?

2023ನೆಯ ಇಸವಿಯಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಸರ್ಕಾರ ಬರಪೀಡಿತವೆಂದು ಸಾರಿತು. ತುಮಕೂರು ಜಿಲ್ಲೆಯಲ್ಲಿರುವ ನಮ್ಮ ತಾಲ್ಲೂಕೂ ಅವುಗಳಲ್ಲೊಂದು. ಮರುವರ್ಷದ ಆರಂಭದಲ್ಲಿ ಬೆಳೆನಷ್ಟದ ಪರಿಹಾರದ ಹಣ ರೈತರ ಖಾತೆಗಳಿಗೆ ಬರತೊಡಗಿತೆಂದು ಊರಲ್ಲಿ ಸುದ್ದಿಯಾಯಿತು. ನಮ್ಮ ಬೀದಿಯ ನಾಲ್ಕೈದು ಹೆಂಗಸರು ಕೂಡಿಕೊಂಡು ಕಚೇರಿಗೆ ಹೊರಟರು. ಅವರೊಡನೆ ನಮ್ಮ ಅವ್ವನೂ ಹೋದಳು. ಆ ವರ್ಷ ಕಡಲೆಕಾಯಿ ಹೊಲಗಳು ಒಣಗಿಹೋದುದರಿಂದ ಕಳೆ ತೆಗೆಯುವ ಕೆಲಸವಿಲ್ಲ, ಕಾಯಿ ಕೀಳುವ ಕೆಲಸವಿಲ್ಲ, ಬಿಡಿಸುವ ಕೆಲಸವೂ ಇಲ್ಲ. ಹೀಗಾಗಿ ನಷ್ಟವೇನೋ ಆಗಿತ್ತು. ಅದನ್ನು ಹೇಳಿಕೊಳ್ಳಬಹುದೆಂದು ಆ ಹೆಂಗಸರು ತಿಳಿದಿದ್ದರು. ಕಚೇರಿಯಲ್ಲಿದ್ದವರು ಗಣಕಯಂತ್ರದಲ್ಲಿ ಹೆಸರು ಹುಡುಕಿ, ಸಿಕ್ಕದೆ, ಬಹಳ ಮರ್ಯಾದೆಯಿಂದಲೆ ಕೇಳಿದರಂತೆ: “ನಿಮಗೆ ಬೆಳೆಯೇ ಇಲ್ಲವಲ್ಲಮ್ಮ, ನಷ್ಟ ಎಲ್ಲಿಂದ ಬಂತು?”

ಅವ್ವ ಈ ಮಾತನ್ನು ಮನೆಗೆ ಬಂದು ನಗುತ್ತ ಹೇಳಿದಳು. ನನಗೆ ನಗು ಬರಲಿಲ್ಲ. ಆ ಗುಮಾಸ್ತರನ್ನು ದೂರುವುದರಲ್ಲಿ ಅರ್ಥವಿಲ್ಲವೆಂಬುದನ್ನೂ ಒಪ್ಪಿಕೊಳ್ಳಬೇಕು. ಅವರ ಮುಂದಿದ್ದ ಪಟ್ಟಿಯಲ್ಲಿ ಸರ್ವೆ ನಂಬರು ಉಳ್ಳವರ ಹೆಸರುಗಳಿದ್ದುವು. ಸರ್ವೆ ನಂಬರಿಲ್ಲದವಳಿಗೆ ಬೆಳೆಯಿಲ್ಲ, ಬೆಳೆಯಿಲ್ಲದವಳಿಗೆ ನಷ್ಟವಿಲ್ಲ. ತರ್ಕಶಾಸ್ತ್ರದ ಪ್ರಕಾರ ಇದರಲ್ಲಿ ತಪ್ಪು ಹುಡುಕುವುದು ಕಷ್ಟ. ಆದರೆ ಬರ ಬಂದ ವರ್ಷ ನಮ್ಮ ಮನೆಯಲ್ಲಿ ಒಂದು ಹೊತ್ತಿನ ಅಡುಗೆ ನಿಂತುದೂ ಸುಳ್ಳಲ್ಲ.

ಹವಾಮಾನ ಕೆಡುತ್ತಿರುವುದು, ಅದಕ್ಕೆ ಪರಿಹಾರವಾಗಿ ಕಲ್ಲಿದ್ದಲನ್ನು ಬಿಟ್ಟು ಸೂರ್ಯನಿಂದಲೂ ಗಾಳಿಯಿಂದಲೂ ವಿದ್ಯುತ್ತನ್ನು ಪಡೆಯಬೇಕಾಗಿರುವುದು, ಇವೆಲ್ಲ ಈಗ ವಾಚಕರಿಗೆ ಹೊಸ ಸಂಗತಿಗಳಲ್ಲ. 2030ರ ವೇಳೆಗೆ ಪಳೆಯುಳಿಕೆ ಇಂಧನಗಳನ್ನು ಬಿಟ್ಟು ಇತರ ಮೂಲಗಳಿಂದ ಐದು ಲಕ್ಷ ಮೆಗಾವಾಟ್ ಸಾಮರ್ಥ್ಯ ಗಳಿಸುವುದಾಗಿ ನಮ್ಮ ದೇಶ 2021ರಲ್ಲಿ ಗ್ಲಾಸ್ಗೋ ಸಮ್ಮೇಳನದಲ್ಲಿ ಸಾರಿತು. 2015ರ ಪ್ಯಾರಿಸ್ ಒಪ್ಪಂದದ ಪೀಠಿಕೆಯಲ್ಲಿ ಈ ಬದಲಾವಣೆ ದುಡಿಯುವವರ ಪಾಲಿಗೆ ನ್ಯಾಯವಾದುದಾಗಿರಬೇಕೆಂಬ ಮಾತೂ ಇದೆ. ಸಭೆಗಳಲ್ಲಿ ಎಲ್ಲರೂ ತಲೆದೂಗುವ ಮಾತು ಇದು. ದುರ್ಬಲರಿಗೆ ಅನ್ಯಾಯವಾಗಬಾರದೆಂದು ಹೇಳದ ಸರ್ಕಾರವೇ ಇಲ್ಲ. ತೊಡಕಿರುವುದು ಅದರ ಮುಂದಿನ ಹೆಜ್ಜೆಯಲ್ಲಿ. ದುರ್ಬಲರು ಯಾರು? ಅವರ ಹೆಸರನ್ನು ಯಾವ ಪುಸ್ತಕದಲ್ಲಿ ನೋಡಬೇಕು? ಈ ಲೇಖನದಲ್ಲಿ ನಾನು ಚರ್ಚಿಸಹೊರಟಿರುವುದು ಇಷ್ಟನ್ನೆ.

ನಮ್ಮ ಜಿಲ್ಲೆಯದೇ ಒಂದು ದೃಷ್ಟಾಂತವಿದೆ. ಪಾವಗಡ ತಾಲ್ಲೂಕು ನಕ್ಷೆಯಲ್ಲಿ ಆಂಧ್ರದ ನೆಲದೊಳಕ್ಕೆ ಚಾಚಿಕೊಂಡು ಕುಳಿತಿರುವ ಭೂಭಾಗ. ಮಳೆ ಕಡಮೆ, ಬಿಸಿಲು ಧಾರಾಳ, ಅಂತರ್ಜಲದಲ್ಲಿ ಫ್ಲೋರೈಡು. ಅಲ್ಲಿಯ ಜನ ಕನ್ನಡ ತೆಲುಗುಗಳೆರಡನ್ನೂ ಬಲ್ಲರು; ಬೆಂಗಳೂರಿನ ಬಸ್ಸುಗಳ ವೇಳೆಯನ್ನೂ ಚೆನ್ನಾಗಿ ಬಲ್ಲರು, ಏಕೆಂದರೆ ಬರದ ವರ್ಷಗಳಲ್ಲಿ ಅವರಿಗೆ ಅದೇ ದಾರಿ. ಅಂಥ ತಾಲ್ಲೂಕಿನ ನಾಗಲಮಡಿಕೆ ಹೋಬಳಿಯಲ್ಲಿ ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಎಂಬ ಐದು ಗ್ರಾಮಗಳ ಸುಮಾರು 13,000 ಎಕರೆ ಜಮೀನಿನ ಮೇಲೆ ‘ಶಕ್ತಿ ಸ್ಥಳ’ವೆಂಬ ಸೌರ ಉದ್ಯಾನ ಎದ್ದಿತು. 2018ರ ಮಾರ್ಚ್ ಮೊದಲ ತಾರೀಖು ಉದ್ಘಾಟನೆ. 2019ರ ಕೊನೆಯ ವೇಳೆಗೆ ಅದರ ಸಾಮರ್ಥ್ಯ 2,050 ಮೆಗಾವಾಟ್ ಮುಟ್ಟಿತು. ಜಗತ್ತಿನ ಅತಿ ದೊಡ್ಡ ಸೌರ ಉದ್ಯಾನಗಳ ಸಾಲಿನಲ್ಲಿ ಅದರ ಹೆಸರನ್ನು ಹೇಳುತ್ತಾರೆ.

ಕಳೆದ ಬೇಸಗೆಯ ರಜೆಯಲ್ಲಿ ಸೋದರತ್ತೆಯ ಊರಿಗೆ ಹೋಗುವಾಗ ನಾನು ತಿರುಮಣಿಯ ದಾರಿ ಹಿಡಿದಿದ್ದೆ. ದೂರದಿಂದ ನೋಡಿದರೆ ಕೆರೆ ತುಂಬಿ ನಿಂತಂತೆ ಕಾಣುತ್ತದೆ. ಬಸ್ಸಿನಲ್ಲಿ ನನ್ನ ಪಕ್ಕದಲ್ಲಿದ್ದ ಮುದುಕರೊಬ್ಬರು, “ಈ ಕೆರೆ ಬತ್ತೋದೂ ಇಲ್ಲ, ಕೋಡಿ ಬೀಳೋದೂ ಇಲ್ಲ ಕಣಮ್ಮ” ಎಂದರು. ಹೊಗಳಿದರೋ ತೆಗಳಿದರೋ ತಿಳಿಯಲಿಲ್ಲ.

ನಾನು ಈ ಉದ್ಯಾನದ ವಿರೋಧಿಯಲ್ಲ. ಅಲ್ಲಿ ರೈತರ ಜಮೀನನ್ನು ಕಿತ್ತುಕೊಳ್ಳಲಿಲ್ಲ, ಕೊಂಡುಕೊಳ್ಳಲೂ ಇಲ್ಲ, ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5ರಷ್ಟು ಏರಿಕೆ. ಸುಮಾರು 2,300 ರೈತರು ಹೀಗೆ ಜಮೀನು ಕೊಟ್ಟರು. ಜಮೀನಿನ ಒಡೆತನ ಅವರಲ್ಲಿಯೇ ಉಳಿಯಿತು. ಮಳೆಯನ್ನು ನಂಬಿ ಬಿತ್ತಿ ಮೂರು ವರ್ಷಕ್ಕೊಮ್ಮೆ ಬೀಜದ ಸಾಲವನ್ನೂ ತೀರಿಸಲಾಗದೆ ಕುಳಿತಿದ್ದವನಿಗೆ ಇದು ಸಣ್ಣ ಸಂಗತಿಯಲ್ಲ. ಅಣೆಕಟ್ಟಿಗೂ ಗಣಿಗೂ ಊರನ್ನೇ ಬಿಟ್ಟುಕೊಟ್ಟವರ ಕಥೆಗಳನ್ನು ಕೇಳಿ ಬೆಳೆದ ನಮ್ಮ ನಾಡಿನಲ್ಲಿ ಇದೊಂದು ಒಳ್ಳೆಯ ಮಾದರಿಯೆಂದು ಹೊಗಳಿದವರ ಮಾತನ್ನು ನಾನು ತಳ್ಳಿಹಾಕಲಾರೆ.

ಆದರೆ ಲೆಕ್ಕವನ್ನು ಸ್ವಲ್ಪ ಮುಂದುವರಿಸೋಣ. ಹತ್ತು ಎಕರೆ ಕೊಟ್ಟವನಿಗೆ ವರ್ಷಕ್ಕೆ 2,10,000 ರೂಪಾಯಿ. ಒಂದು ಎಕರೆ ಕೊಟ್ಟವನಿಗೆ 21,000 ರೂಪಾಯಿ, ತಿಂಗಳಿಗೆ 1,750. ಏನೂ ಕೊಡಲು ಇಲ್ಲದವನಿಗೆ ಸೊನ್ನೆ. ಈ ಸೊನ್ನೆಗೆ ಎರಡು ವರ್ಷಕ್ಕೊಮ್ಮೆ ಶೇಕಡಾ 5 ಏರಿಸಿದರೂ ಅದು ಸೊನ್ನೆಯಾಗಿಯೇ ಉಳಿಯುವುದೆಂದು ಪ್ರೈಮರಿ ಶಾಲೆಯ ಹುಡುಗನೂ ಹೇಳಬಲ್ಲ.

ಈ ಸೊನ್ನೆಯವರು ಯಾರು? ಆ ಹೊಲಗಳಲ್ಲಿ ಕಳೆ ತೆಗೆಯುತ್ತಿದ್ದ, ಕಾಯಿ ಕೀಳುತ್ತಿದ್ದ ಕೂಲಿಯವರು, ಬಹುಮಟ್ಟಿಗೆ ಹೆಂಗಸರು. ಬೆಳೆ ಕೊಯ್ದ ಮೇಲೆ ಆ ಬಯಲುಗಳಲ್ಲಿ ಕುರಿ ಮೇಯಿಸುತ್ತಿದ್ದ ಕುರಿಗಾರರು. ಇನ್ನೊಬ್ಬರ ಹೊಲವನ್ನು ಬಾಯಿಮಾತಿನ ಮೇಲೆ ವಾರಕ್ಕೆ ಮಾಡುತ್ತಿದ್ದವರು. ಬೇಲಿ ಬಂದ ಮೇಲೆ ಕೆಲವರಿಗೆ ಫಲಕಗಳ ಧೂಳು ತೊಳೆಯುವ, ನಡುವೆ ಬೆಳೆದ ಹುಲ್ಲು ಕೀಳುವ, ಕಾವಲು ಕಾಯುವ ಕೆಲಸಗಳು ಸಿಕ್ಕಿದುವು. ಆದರೆ 13,000 ಎಕರೆಯ ಬೇಸಾಯ ಎಷ್ಟು ಕೈಗಳನ್ನು ಬೇಡುತ್ತಿತ್ತೋ ಅಷ್ಟು ಕೈಗಳನ್ನು ಗಾಜಿನ ಫಲಕಗಳು ಬೇಡುವುದಿಲ್ಲ. ಬೇಡದೆ ಇರುವುದೇ ಅವುಗಳ ಗುಣ.

ಇನ್ನೊಂದು ಸೂಕ್ಷ್ಮವೂ ಉಂಟು. ಪಹಣಿಯಲ್ಲಿ ಹೆಸರಿದ್ದವನು ಬೆಂಗಳೂರಿನಲ್ಲಿ ಮನೆ ಕಟ್ಟಿಕೊಂಡು ಹತ್ತು ವರ್ಷದಿಂದ ಊರ ಕಡೆ ತಲೆ ಹಾಕದಿದ್ದರೂ ಗುತ್ತಿಗೆಯ ಹಣ ಅವನ ಖಾತೆಯನ್ನು ಹುಡುಕಿಕೊಂಡು ಹೋಗುತ್ತದೆ. ಅದೇ ಹೊಲದಲ್ಲಿ ಇಪ್ಪತ್ತು ವರ್ಷ ಬೆನ್ನು ಬಾಗಿಸಿದವಳ ಗುಡಿಸಲು ಬೇಲಿಯ ಪಕ್ಕದಲ್ಲಿಯೇ ಇದ್ದರೂ ಹಣಕ್ಕೆ ಆ ದಾರಿ ಗೊತ್ತಿಲ್ಲ. ಪಹಣಿಯಲ್ಲಿ ಗಂಡಸಿನ ಹೆಸರೇ ಹೆಚ್ಚಾಗಿರುವುದರಿಂದ ಜಮೀನುಳ್ಳ ಮನೆಯ ಹೆಂಗಸಿಗೂ ಆ ಹಣದ ಮುಖದರ್ಶನ ಗಂಡನ ಕೃಪೆಯಿಂದಲೇ ಆಗಬೇಕು.

ಕಾನೂನು ಇವರನ್ನು ಪೂರ್ತಿ ಮರೆತಿದೆಯೆ ಎಂದರೆ, ಇಲ್ಲ. ಇದೇ ನನಗೆ ಅತ್ಯಂತ ಆಶ್ಚರ್ಯವನ್ನುಂಟುಮಾಡಿದ ಸಂಗತಿ. 2013ರಲ್ಲಿ ಸಂಸತ್ತು ಮಾಡಿದ ಭೂಸ್ವಾಧೀನ ಕಾಯಿದೆಯಲ್ಲಿ ‘ಬಾಧಿತ ಕುಟುಂಬ’ ಎಂಬ ಪದಕ್ಕೆ ಅರ್ಥ ಕೊಟ್ಟಿದ್ದಾರೆ. ಜಮೀನು ಕಳೆದುಕೊಳ್ಳುವವರಷ್ಟೇ ಅಲ್ಲ. ಸ್ವಂತ ಜಮೀನಿಲ್ಲದಿದ್ದರೂ ಆ ಪ್ರದೇಶದಲ್ಲಿ ಸ್ವಾಧೀನಕ್ಕೆ ಮುಂಚಿನ ಮೂರು ವರ್ಷ ದುಡಿದು, ಅದರಿಂದಲೇ ಮುಖ್ಯವಾಗಿ ಜೀವನ ನಡೆಸುತ್ತಿದ್ದ ಕೃಷಿಕೂಲಿಕಾರರು, ಗೇಣಿದಾರರು, ಪಾಲುಗಾರರು, ಕುಶಲಕರ್ಮಿಗಳು ಎಲ್ಲರೂ ಬಾಧಿತರೇ. ಭೂಸ್ವಾಧೀನಕ್ಕೆ ಮೊದಲು ಸಾಮಾಜಿಕ ಪರಿಣಾಮಗಳ ಅಧ್ಯಯನ ನಡೆಸಿ ಇಂಥವರನ್ನು ಹುಡುಕಿ ಎಣಿಸಬೇಕೆಂದೂ ಅದೇ ಕಾಯಿದೆ ವಿಧಿಸುತ್ತದೆ. ನಮ್ಮ ಅವ್ವ ಓದಲು ಬಾರದವಳಾದರೂ ಆ ವ್ಯಾಖ್ಯೆಯನ್ನು ಓದಿ ಹೇಳಿದಾಗ, “ಇದು ನಮ್ಮನ್ನೇ ನೋಡಿ ಬರೆದಂಗದೆ” ಎಂದಳು.

ಆದರೆ ಆ ಕಾಯಿದೆ ಜಾಗೃತವಾಗುವುದು ಸರ್ಕಾರ ಜಮೀನನ್ನು ಸ್ವಾಧೀನಪಡಿಸಿಕೊಂಡಾಗ. ಗುತ್ತಿಗೆಯೆಂಬುದು ಸ್ವಾಧೀನವಲ್ಲ, ಅದು ಇಬ್ಬರು ಒಪ್ಪಿ ಮಾಡಿಕೊಂಡ ಕರಾರು. ಕರಾರಿಗೆ ರುಜು ಹಾಕಲು ಎರಡು ಕಡೆಯವರು ಸಾಕು. ಮೂರನೆಯವರ ರುಜುವನ್ನು ಯಾರೂ ಕೇಳುವುದಿಲ್ಲ. ಸೌರ ವಿದ್ಯುತ್ ಯೋಜನೆಗಳಿಗೆ 2006ರ ಪರಿಸರ ಪರಿಣಾಮ ಅಧಿಸೂಚನೆಯ ಅನುಮತಿಯೂ ಬೇಕಾಗಿಲ್ಲವೆಂದು ಕೇಂದ್ರ ಸರ್ಕಾರ ಹೇಳಿದೆ. ಆದುದರಿಂದ ಆ ಅಧಿಸೂಚನೆಯಂತೆ ನಡೆಯುವ ಸಾರ್ವಜನಿಕ ವಿಚಾರಣೆಯೂ ಇಲ್ಲ. ಹೀಗೆ ರೈತನಿಗೆ ಹಿತವಾದ ಗುತ್ತಿಗೆಯ ಮಾರ್ಗವೇ ಕೂಲಿಯವನನ್ನು ಲೆಕ್ಕದಿಂದ ಹೊರಗಿಟ್ಟಿತು. ಯಾರೂ ಬೇಕೆಂದು ಮಾಡಿದುದಲ್ಲ. ಬೇಕೆಂದು ಮಾಡದೆ ಆಗುವ ಅನ್ಯಾಯಕ್ಕೆ ಅರ್ಜಿ ಕೊಡುವುದು ಯಾರಿಗೆಂಬುದೇ ತಿಳಿಯುವುದಿಲ್ಲ.

ಹಾಗಾದರೆ ಹಿಂದುಳಿದವರನ್ನು ಗುರುತಿಸುವುದು ಹೇಗೆ? ಈ ಪ್ರಶ್ನೆಯಲ್ಲಿ ನಮ್ಮ ನಾಡು ಯಾರಿಗೂ ಶಿಷ್ಯನಾಗಬೇಕಾದುದಿಲ್ಲ. ಮೈಸೂರಿನ ಮಹಾರಾಜರು 1918ರಲ್ಲಿಯೇ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿ, ಸರ್ಕಾರಿ ನೌಕರಿಯಲ್ಲಿ ಯಾವ ಯಾವ ಜನಕ್ಕೆ ಪಾಲು ಸಿಕ್ಕಿಲ್ಲವೆಂಬುದನ್ನು ವಿಚಾರಿಸಿದರು. 1972ರಲ್ಲಿ ನೇಮಕಗೊಂಡು 1975ರಲ್ಲಿ ವರದಿ ಕೊಟ್ಟ ಹಾವನೂರು ಆಯೋಗದ ಹೆಸರನ್ನು ಕೇಳದ ವಿದ್ಯಾರ್ಥಿ ನಮ್ಮ ಕಾಲೇಜಿನಲ್ಲಿಲ್ಲ. ನಮ್ಮಲ್ಲಿ ಅನೇಕರು ಇಲ್ಲಿ ಕುಳಿತಿರುವುದೇ ಅದರ ಫಲದಿಂದ.

ಪ್ರದೇಶಗಳ ವಿಷಯದಲ್ಲಿಯೂ ಇಂಥ ಕೆಲಸ ನಡೆದಿದೆ. ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿ ಸಲ್ಲಿಸಿದ ವರದಿ 35 ಸೂಚಕಗಳನ್ನು ಇಟ್ಟುಕೊಂಡು ಅಂದಿನ 175 ತಾಲ್ಲೂಕುಗಳನ್ನು ತೂಗಿ, 114ನ್ನು ಹಿಂದುಳಿದವೆಂದು ಹೇಳಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು. ಪಾವಗಡ ಮೊದಲನೆಯ ಗುಂಪಿನಲ್ಲಿದೆ. ಬೆಂಗಳೂರಿನಲ್ಲಿ ಕುಳಿತವರಿಗೆ ನಾಡಿನ ಮೈಯ ಮೇಲೆ ಎಲ್ಲೆಲ್ಲಿ ಗಾಯವಿದೆಯೆಂದು ತೋರಿಸಿಕೊಟ್ಟ ವರದಿ ಅದು.

ಆದರೂ ಅದರ ಅಳತೆಗೋಲು ತಾಲ್ಲೂಕು. ತಾಲ್ಲೂಕು ಹಿಂದುಳಿದಿದೆಯೆಂದು ಅಲ್ಲಿಗೆ ಸೌರ ಉದ್ಯಾನ ಬಂದಿತೆಂದಿಟ್ಟುಕೊಳ್ಳಿ. ತಾಲ್ಲೂಕಿನ ಸರಾಸರಿ ವರಮಾನ ಏರಿತು, ಸೂಚಕ ಸುಧಾರಿಸಿತು. ಏರಿದ್ದು ಯಾರ ವರಮಾನ? ಹತ್ತು ಎಕರೆಯವನದೂ, ಕಂಟ್ರಾಕ್ಟರನದೂ, ಹೋಟೆಲಿನವನದೂ ಇರಬಹುದು. ಸರಾಸರಿಯೆಂಬುದು ಊರ ಹಬ್ಬದ ಪಂಕ್ತಿಯಂತೆ. ದೂರದಿಂದ ನೋಡಿದವನಿಗೆ ಎಲ್ಲರೂ ಉಣ್ಣುತ್ತಿರುವಂತೆಯೇ ಕಾಣುತ್ತದೆ. 2023ರ ಬರಘೋಷಣೆಯಲ್ಲಿಯಂತೂ 236ರಲ್ಲಿ 223 ಪೀಡಿತವಾದ ಮೇಲೆ ತಾಲ್ಲೂಕೆಂಬ ಅಳತೆ ಯಾರನ್ನು ಯಾರಿಂದ ಬೇರ್ಪಡಿಸಿತು?

ಇದೇ ತೊಡಕಿನೊಡನೆ ಅಮೆರಿಕದವರೂ ಸೆಣಸಿರುವುದನ್ನು ಓದಿ ನನಗೆ ಒಂದು ಬಗೆಯ ಸಮಾಧಾನವಾಯಿತು. ಅಲ್ಲಿ ಈ ವಿಚಾರದ ಮೂಲವನ್ನು 1982ರಲ್ಲಿ ಉತ್ತರ ಕ್ಯಾರೊಲಿನಾದ ವಾರನ್ ಕೌಂಟಿಯಲ್ಲಿ ನಡೆದ ಚಳವಳಿಯಲ್ಲಿ ಕಾಣುತ್ತಾರೆ. ಬಡ ಕರಿಯರೇ ಹೆಚ್ಚಾಗಿದ್ದ ಆ ಸೀಮೆಯಲ್ಲಿ ವಿಷಮಿಶ್ರಿತ ಮಣ್ಣನ್ನು ತಂದು ಹೂಳಲು ಹೊರಟಾಗ ಜನ ರಸ್ತೆಗೆ ಅಡ್ಡ ಮಲಗಿದರು. 1987ರಲ್ಲಿ ಅಲ್ಲಿಯ ಒಂದು ಕ್ರೈಸ್ತ ಸಂಸ್ಥೆ ದೇಶವನ್ನೆಲ್ಲ ಸಮೀಕ್ಷಿಸಿ, ವಿಷದ ಕಸ ಎಲ್ಲಿ ಬೀಳುವುದೆಂಬುದನ್ನು ಹೇಳಲು ಜನರ ವರಮಾನಕ್ಕಿಂತಲೂ ಅವರ ಮೈಬಣ್ಣವೇ ಹೆಚ್ಚು ಖಚಿತವಾದ ಗುರುತೆಂದು ತೋರಿಸಿತು.

ಅನಂತರ ಕಾನೂನುಗಳು ಬಂದುವು. ಕ್ಯಾಲಿಫೋರ್ನಿಯಾ ರಾಜ್ಯ 2012ರಲ್ಲಿ ಒಂದು ಶಾಸನ ಮಾಡಿ, ಹೊಗೆ ಬಿಡುವ ಉದ್ಯಮಗಳಿಂದ ಬರುವ ಹಣದಲ್ಲಿ ಶೇಕಡಾ 25ರಷ್ಟಾದರೂ ಹಿಂದುಳಿದ ವಸತಿಗಳಿಗೆ ಉಪಯೋಗವಾಗಬೇಕೆಂದು ವಿಧಿಸಿತು. ಅಲ್ಲಿ ಜನಗಣತಿಗಾಗಿ ನಾಡನ್ನು ಸರಾಸರಿ ನಾಲ್ಕು ಸಾವಿರ ಜನರಿರುವ ಚಿಕ್ಕ ಚಿಕ್ಕ ತುಂಡುಗಳಾಗಿ ವಿಂಗಡಿಸಿದ್ದಾರೆ. ಪ್ರತಿಯೊಂದು ತುಂಡಿಗೂ ಗಾಳಿಯ ಮಾಲಿನ್ಯ, ಡೀಸೆಲ್ ಹೊಗೆ, ಕೀಟನಾಶಕ, ಉಬ್ಬಸರೋಗ, ಬಡತನ, ನಿರುದ್ಯೋಗ ಮುಂತಾದುವುಗಳ ಮೇಲೆ ಅಂಕ ಹಾಕುತ್ತಾರೆ. ಮಾಲಿನ್ಯದ ಅಂಕವನ್ನೂ ಜನರ ದುರ್ಬಲತೆಯ ಅಂಕವನ್ನೂ ಕೂಡುವುದಿಲ್ಲ, ಗುಣಿಸುತ್ತಾರೆ. ಏಕೆಂದರೆ ಒಂದೇ ಹೊಗೆ ಗಟ್ಟಿಮುಟ್ಟಾದವನನ್ನು ಕೆಮ್ಮಿಸುತ್ತದೆ, ಹಸಿದವನನ್ನು ಹಾಸಿಗೆ ಹಿಡಿಸುತ್ತದೆ. ಈ ಗುಣಾಕಾರ ನನಗೆ ಬಹಳ ಹಿಡಿಸಿತು.

ನ್ಯೂಯಾರ್ಕ್ ರಾಜ್ಯದ 2019ರ ಹವಾಮಾನ ಕಾಯಿದೆ ಇನ್ನೂ ಮುಂದೆ ಹೋಗಿ, ಶುದ್ಧ ವಿದ್ಯುತ್ತಿಗಾಗಿ ಮಾಡುವ ವೆಚ್ಚದ ಪ್ರಯೋಜನದಲ್ಲಿ ಕನಿಷ್ಠ ಶೇಕಡಾ 35, ಸಾಧ್ಯವಾದರೆ ಶೇಕಡಾ 40, ಹಿಂದುಳಿದ ಸಮುದಾಯಗಳಿಗೆ ಸಲ್ಲಬೇಕೆಂದು ಹೇಳಿತು. ಅವರನ್ನು ಗುರುತಿಸಲು ಒಂದು ಕಾರ್ಯಸಮಿತಿಯನ್ನು ಮಾಡಿದರು. ಅದು ಕರಡು ಪಟ್ಟಿಯನ್ನು ಜನರ ಮುಂದಿಟ್ಟು, ಆಕ್ಷೇಪಣೆಗಳನ್ನು ಕೇಳಿ, 2023ರ ಮಾರ್ಚಿಯಲ್ಲಿ 45 ಸೂಚಕಗಳ ಅಂತಿಮ ಮಾನದಂಡವನ್ನು ಒಪ್ಪಿತು. ಜನಾಂಗವನ್ನೂ, 1930ರ ದಶಕದಲ್ಲಿ ಮನೆಸಾಲ ಕೊಡಬಾರದೆಂದು ನಕ್ಷೆಯಲ್ಲಿ ಕೆಂಪು ಬಣ್ಣ ಬಳಿದಿದ್ದ ಬಡಾವಣೆಗಳ ಇತಿಹಾಸವನ್ನೂ ಅದರಲ್ಲಿ ಸೇರಿಸಿದರು.

ಆದರೆ ನನ್ನ ಮನಸ್ಸನ್ನು ಹಿಡಿದುದು ಆ 45 ಸೂಚಕಗಳಲ್ಲ. ಪಕ್ಕದಲ್ಲಿ ಸೇರಿಸಿದ ಒಂದು ಚಿಕ್ಕ ನಿಯಮ. ಯಾವ ತುಂಡಿನಲ್ಲಿದ್ದರೂ ಸರಿಯೆ, ಕುಟುಂಬದ ವರಮಾನ ರಾಜ್ಯದ ಮಧ್ಯಮ ವರಮಾನದ ಶೇಕಡಾ 60ಕ್ಕೆ ಮೀರದಿದ್ದರೆ ಶುದ್ಧ ವಿದ್ಯುತ್ತಿನ ವೆಚ್ಚದ ಮಟ್ಟಿಗೆ ಆ ಕುಟುಂಬವೂ ಹಿಂದುಳಿದುದೆ. ಅಂದರೆ, ಅಷ್ಟು ಸೂಕ್ಷ್ಮವಾದ ನಕ್ಷೆಯನ್ನು ಬರೆದವರೂ ನಕ್ಷೆಯ ಕಣ್ಣಿಗೆ ಬೀಳದ ಮನೆಗಳಿರುತ್ತವೆಂದು ಒಪ್ಪಿಕೊಂಡರು. ಸಾಹುಕಾರರ ಬೀದಿಯ ಹಿತ್ತಿಲಲ್ಲಿ ವಾಸಿಸುವ ಬಡವನಿಗೂ ಬಾಗಿಲೊಂದನ್ನು ತೆರೆದಿಟ್ಟರು.

ಅಮೆರಿಕದ ಕೇಂದ್ರ ಸರ್ಕಾರವೂ 2021ರ ಜನವರಿಯಲ್ಲಿ ಶೇಕಡಾ 40ರ ಗುರಿಯನ್ನು ಇಟ್ಟುಕೊಂಡು, ಮರುವರ್ಷ ದೇಶಕ್ಕೆಲ್ಲ ಒಂದು ನಕ್ಷೆಯನ್ನು ಪ್ರಕಟಿಸಿತ್ತು. ಅಧ್ಯಕ್ಷರ ಆಜ್ಞೆಯಿಂದ ಹುಟ್ಟಿದ ಆ ಗುರಿ 2025ರ ಜನವರಿಯಲ್ಲಿ ಹೊಸ ಅಧ್ಯಕ್ಷರ ಆಜ್ಞೆಯಿಂದಲೇ ರದ್ದಾಯಿತು, ನಕ್ಷೆಯನ್ನೂ ತೆಗೆದುಹಾಕಿದರು. ನಕ್ಷೆ ಹೋದ ಮಾತ್ರಕ್ಕೆ ಬಡವರೇನೂ ಹೋಗಲಿಲ್ಲವೆನ್ನಿ. ಶಾಸನಸಭೆಯ ಕಾಯಿದೆಯಲ್ಲಿ ಬೇರೂರಿದ್ದ ಎರಡು ರಾಜ್ಯಗಳ ಪಟ್ಟಿಗಳು ಆ ಆಜ್ಞೆಗೆ ಸಿಕ್ಕಿಕೊಳ್ಳಲಿಲ್ಲ.

ಇಷ್ಟು ಓದಿದ ಮೇಲೆ ನಮ್ಮಲ್ಲಿ ಶುದ್ಧ ವಿದ್ಯುತ್ತಿನ ಹೆಸರಿನಲ್ಲಿ ನಡೆಯುತ್ತಿರುವ ಯೋಜನೆಗಳ ಬಾಗಿಲುಗಳನ್ನು ನೋಡಿದೆ. 2019ರ ಕುಸುಮ್ ಯೋಜನೆಯಲ್ಲಿ ರೈತನಿಗೆ ಸೌರ ಪಂಪು. ಹೊಲವೂ ನೀರಿನ ಆಸರೆಯೂ ಇರಬೇಕು. 2024ರ ಸೂರ್ಯ ಘರ್ ಯೋಜನೆಯಲ್ಲಿ ಒಂದು ಕೋಟಿ ಮನೆಗಳ ಮೇಲೆ ಫಲಕ, 78,000 ರೂಪಾಯಿಯವರೆಗೆ ಸಹಾಯಧನ. ಫಲಕ ಹೊರುವ ಮಾಳಿಗೆ ಇರಬೇಕು, ಅದು ತನ್ನದಾಗಿರಬೇಕು. ನಮ್ಮ ಮನೆಯ ಮೇಲಿರುವುದು ತಗಡು. ಗಾಳಿ ಬಂದಾಗ ಹಾರದಿರಲೆಂದು ಅದರ ಮೇಲೆ ಕಲ್ಲುಗಳನ್ನು ಹೇರಿದ್ದೇವೆ. ವಿದ್ಯುತ್ ಮೀಟರು ಇಂದಿಗೂ ತೀರಿಹೋದ ತಾತನ ಹೆಸರಿನಲ್ಲಿದೆ. 2023ರ ಗೃಹಜ್ಯೋತಿಯಲ್ಲಿ ಬಾಡಿಗೆಮನೆಯವರನ್ನೂ ಸೇರಿಸಿಕೊಂಡುದು ಮಾತ್ರ ಬೇರೆ ದಿಕ್ಕಿನ ಹೆಜ್ಜೆ; ಅಲ್ಲಿ ಒಡೆತನವನ್ನು ಕೇಳಲಿಲ್ಲ, ವಾಸವನ್ನು ಕೇಳಿದರು.

ಈ ವಿಚಾರವನ್ನು ನಮ್ಮ ಅಧ್ಯಾಪಕರೊಬ್ಬರ ಮುಂದೆ ಇಟ್ಟೆ. ಅವರು ಸಹೃದಯರೆ; ಆದರೂ ಕೇಳಿದರು: “ಅಲ್ಲಮ್ಮ, ರೈತ ಭೂಮಿ ಕೊಟ್ಟ, ಅವನಿಗೆ ಬಾಡಿಗೆ ಬಂತು. ಕೂಲಿಯವನು ಕೊಟ್ಟಿದ್ದೇನು?”

“ಕೆಲಸದ ದಿನಗಳನ್ನು ಕೊಟ್ಟ, ಸಾರ್” ಎಂದೆ.

“ಅದಕ್ಕೆ ದಾಖಲೆ?”

ನಾನು ಸುಮ್ಮನಾದೆ. ಆ ರಾತ್ರಿ ಹಾಸ್ಟೆಲಿನಲ್ಲಿ ನಿದ್ರೆ ಬರಲಿಲ್ಲ. ಉತ್ತರ ಹೊಳೆದುದು ಪರೀಕ್ಷೆಗೆಂದು ಓದುತ್ತಿದ್ದ ಆಧುನಿಕ ಕರ್ನಾಟಕದ ಇತಿಹಾಸದಲ್ಲಿ. ದೇವರಾಜ ಅರಸರ ಕಾಲದ ಭೂಸುಧಾರಣೆಯ ತಿದ್ದುಪಡಿ 1974ರ ಮಾರ್ಚ್ ಒಂದರಿಂದ ಜಾರಿಗೆ ಬಂದಾಗಲೂ ಇದೇ ಪ್ರಶ್ನೆ ಎದ್ದಿತ್ತು. ಗೇಣಿದಾರರಲ್ಲಿ ಎಷ್ಟೋ ಮಂದಿಗೆ ಚೀಟಿಯಿಲ್ಲ, ರಸೀದಿಯಿಲ್ಲ, ಪಹಣಿಯಲ್ಲಿ ಹೆಸರಿಲ್ಲ. ಆಗ ಸರ್ಕಾರ ಏನು ಮಾಡಿತು? ‘ನಾನು ಈ ಹೊಲದ ಗೇಣಿದಾರ’ ಎಂದು ಉಳುವವನೇ ಮುಂದೆ ಬಂದು ಹೇಳಿಕೊಳ್ಳಲಿ ಎಂದು ಏಳನೆಯ ನಮೂನೆಯ ಅರ್ಜಿಯನ್ನು ಅವನ ಕೈಗೆ ಕೊಟ್ಟಿತು. ತಾಲ್ಲೂಕುಗಳಲ್ಲಿ ಭೂನ್ಯಾಯಮಂಡಳಿಗಳು ಕುಳಿತು ಬಾಯಿಸಾಕ್ಷ್ಯವನ್ನೂ ಕೇಳಿದುವು. ಮಂಡಳಿಗಳ ಮುಂದೆ ವಕೀಲರಿಗೆ ಪ್ರವೇಶವಿಲ್ಲವೆಂದು ಕಾಯಿದೆಯಲ್ಲಿಯೇ ಬರೆದಿತ್ತು. ಅರ್ಜಿಯ ಕಡೆಯ ದಿನವನ್ನು ಮುಂದೂಡುತ್ತ 1979ರ ಜೂನ್ 30ರವರೆಗೂ ತಂದರು.

ಅದರಲ್ಲಿ ಕುಂದುಗಳಿರಲಿಲ್ಲವೆಂದು ನಾನು ಹೇಳುವುದಿಲ್ಲ. ಧಣಿಗೆ ಹೆದರಿ ಅರ್ಜಿ ಹಾಕದೆ ಉಳಿದವರಿದ್ದರು. ಗೇಣಿಗೂ ಗತಿಯಿಲ್ಲದೆ ಬರಿಯ ಕೂಲಿ ಮಾಡುತ್ತಿದ್ದ ನಮ್ಮ ತಾತನಂಥವರಿಗೆ ಉಳುವ ಭೂಮಿ ಸಿಕ್ಕಲಿಲ್ಲ. ಅಂದಿನಿಂದ ಇಂದಿನವರೆಗೆ ನಮ್ಮದು ಅದೇ ಸ್ಥಿತಿ. ಆದರೆ ಕಾಗದದಲ್ಲಿ ಇಲ್ಲದವನು ಲೋಕದಲ್ಲಿ ಇದ್ದಾನೆಂದು ಸರ್ಕಾರ ನಂಬಲು ಸಾಧ್ಯವೆಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ನನಗೆ ಬೇರೆ ಕಾಣಲಿಲ್ಲ.

ಬಿಸಿಲಿಗೂ ಅಂಥದೇ ಒಂದು ನಮೂನೆ ಬರಲಿ ಎಂಬುದು ನನ್ನ ಸೂಚನೆ. ಎಲ್ಲಿಯೇ ಸೌರ ಉದ್ಯಾನವಾಗಲಿ ಗಾಳಿಯಂತ್ರಗಳ ಸಾಲಾಗಲಿ ಬರುವುದಿದ್ದರೆ, ಗುತ್ತಿಗೆಯ ಕರಾರಿಗೆ ಮೊದಲು, ಆ ಗ್ರಾಮದಲ್ಲಿ ಹಿಂದಿನ ಮೂರು ವರ್ಷ ಯಾರು ಯಾರ ಹೊಲದಲ್ಲಿ ಎಷ್ಟು ದಿನ ಯಾವ ಕೆಲಸ ಮಾಡಿದರು, ಯಾರ ಕುರಿ ಎಲ್ಲಿ ಮೇಯುತ್ತಿದ್ದುವು, ಯಾರು ವಾರಕ್ಕೆ ಬೇಸಾಯ ಮಾಡುತ್ತಿದ್ದರು ಎಂಬುದನ್ನು ಅವರವರೇ ಹೇಳಿಕೊಳ್ಳಲಿ. ಮೂರು ವರ್ಷವೆಂಬುದು ನನ್ನ ಕಲ್ಪನೆಯಲ್ಲ, 2013ರ ಕಾಯಿದೆಯಲ್ಲಿರುವುದೆ. ಅದನ್ನು ಗುತ್ತಿಗೆಗೂ ವಿಸ್ತರಿಸಬೇಕು, ಅಷ್ಟೆ. ಅರ್ಜಿಯಲ್ಲಿ ಹೆಂಗಸಿನ ಹೆಸರು ಗಂಡನ ಹೆಸರಿನ ಕೆಳಗೆ ಅಡಗದೆ ಬೇರೆಯಾಗಿ ಇರಬೇಕು. ಹೊಲದ ಒಡೆಯನನ್ನೇ ಸಾಕ್ಷಿ ಕೇಳಬಹುದು. ತನ್ನ ಹೊಲದಲ್ಲಿ ಯಾರ ಕೈ ಚುರುಕು, ಯಾರದು ನಿಧಾನ ಎಂಬುದು ಅವನಿಗೆ ಬಾಯಿಪಾಠ.

ಹಾಗೆ ಬಂದ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಬೇಕು. ಗೋಡೆಗೆ ಅಂಟಿಸಿದರೆ ಸಾಲದು. ಓದಲು ಬಾರದವರಿಗೆ ಗೋಡೆಯ ಮೇಲಿನ ಕಾಗದವೂ ಗೋಡೆಯೇ. ಆ ಸಭೆ ಯುಗಾದಿಯ ಹಿಂದುಮುಂದಿನ ದಿನಗಳಲ್ಲಿ ಸೇರುವುದು ಉತ್ತಮ. ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕೆ ಹೋದ ನಮ್ಮಪ್ಪನಂಥವರು ಊರಿಗೆ ಬರುವುದು ಆಗಲೇ. ಉಳಿದ ತಿಂಗಳುಗಳಲ್ಲಿ ಸಭೆ ಕರೆದರೆ ಹೆಚ್ಚು ನೊಂದವರೇ ಗೈರುಹಾಜರಾಗಿರುತ್ತಾರೆ.

ಸುಳ್ಳು ಹೆಸರುಗಳು ಸೇರಲಾರವೆ ಎಂದು ಕೇಳುವಿರಿ. ಸೇರುತ್ತವೆ. ಪಹಣಿಯಲ್ಲಿ ಸುಳ್ಳು ಹೆಸರುಗಳಿಲ್ಲವೆ? ಊರ ನಡುವೆ ನಿಂತು, ‘ಅವಳು ನನ್ನ ಹೊಲಕ್ಕೆ ಒಂದು ದಿನವೂ ಬಂದವಳಲ್ಲ’ ಎಂದು ಹೇಳಬಲ್ಲವರು ಇರುವ ಕಡೆ ಸುಳ್ಳಿನ ಆಯುಸ್ಸು ಕಡಮೆ. ಜಾತಿಯ ಪ್ರಶ್ನೆಯೂ ಬರುತ್ತದೆ. ಭೂಮಿಯಿಲ್ಲದಿರುವುದಕ್ಕೂ ಜಾತಿಗೂ ಸಂಬಂಧವೇ ಇಲ್ಲವೆಂಬಂತೆ ಸೂಚಕಗಳನ್ನು ಬರೆಯುವುದು ಆತ್ಮವಂಚನೆ. ಆದರೆ ಜಾತಿಯೊಂದನ್ನೇ ಹಿಡಿದರೆ ಆಗದೆಂದು ಸರ್ವೋಚ್ಚ ನ್ಯಾಯಾಲಯ 1962ರಲ್ಲಿ ಮೈಸೂರು ರಾಜ್ಯದ ಬಾಲಾಜಿ ಮೊಕದ್ದಮೆಯಲ್ಲಿಯೇ ಹೇಳಿದೆ. ಕ್ಯಾಲಿಫೋರ್ನಿಯಾದವರಂತೆ ನಾವೂ ಒಂದನ್ನೊಂದರಿಂದ ಗುಣಿಸುವುದನ್ನು ಕಲಿಯಬಹುದು.

ಹಣ ಎಲ್ಲಿಂದ ಎನ್ನುವವರಿಗೆ ನನ್ನ ಉತ್ತರ ಚಿಕ್ಕದು. ಎಕರೆಗೆ ಇಂತಿಷ್ಟೆಂದು ಒಡೆಯನಿಗೆ ಕೊಡುವಾಗ ಅದರ ಜೊತೆಯಲ್ಲಿ ಆ ಎಕರೆಯ ಕೂಲಿಯವರಿಗೂ ಇಷ್ಟೆಂದು ವಿದ್ಯುತ್ ಕಂಪನಿಗಳು ಕೊಡಲಿ. ಅದಕ್ಕೂ ಎರಡು ವರ್ಷಕ್ಕೊಮ್ಮೆ ಶೇಕಡಾ 5 ಏರಲಿ. ಎಷ್ಟೆಂಬುದನ್ನು ತಿಳಿದವರು ನಿರ್ಧರಿಸಬಹುದು. ಸೊನ್ನೆಯಲ್ಲ ಎಂಬುದಷ್ಟೇ ನನ್ನ ಹಟ. ಇದರಿಂದ ಕೆಲಸ ತಡವಾಗುತ್ತದೆ, ಭೂಮಿ ಕಾಯುತ್ತಿದೆ, ಹವಾಮಾನ ನಮಗಾಗಿ ನಿಲ್ಲುವುದಿಲ್ಲ ಎನ್ನುವವರೂ ಇದ್ದಾರೆ. ಬಿಸಿಲಿನಲ್ಲಿ ನಿಂತು ದುಡಿಯುವವರಿಗೆ ಭೂಮಿ ಕಾಯುತ್ತಿರುವುದನ್ನು ಬೇರೆಯವರು ಹೇಳಬೇಕಾಗಿಲ್ಲ. 13,000 ಎಕರೆಗೆ ಕರಾರು ಬರೆಯಿಸಲು ಸಮಯ ಸಿಕ್ಕಿದವರಿಗೆ ಐದು ಊರುಗಳ ಕೂಲಿಯವರ ಹೆಸರು ಬರೆದುಕೊಳ್ಳಲು ಸಮಯ ಸಿಕ್ಕಲಾರದೆಂದು ನಾನು ನಂಬಲಾರೆ.

ಇಷ್ಟನ್ನು ಬರೆದು ಸಂಕ್ರಾಂತಿಗೆ ಊರಿಗೆ ಹೋದಾಗ ಅವ್ವನಿಗೆ ಓದಿ ಹೇಳಿದೆ. ಅಮೆರಿಕದ ಭಾಗ ಬಂದಾಗ ಎದ್ದು ಹೋಗಿ ಒಲೆ ನೋಡಿ ಬಂದಳು. ದಾಖಲೆಯ ಮಾತು ಬಂದಾಗ ಮಾತ್ರ ನಿಲ್ಲಿಸಿದಳು.

“ಲೆಕ್ಕ ಇತ್ತಲ್ಲೇ” ಎಂದಳು. ನಮ್ಮ ಮನೆಯ ಬಾಗಿಲ ಹಿಂದಿನ ಗೋಡೆಯ ಮೇಲೆ, ಬಾಕಿ ಕೂಲಿ ಮರೆಯದಿರಲೆಂದು, ಹೋದ ಪ್ರತಿದಿನಕ್ಕೂ ಇದ್ದಿಲಿನಿಂದ ಒಂದೊಂದು ಗೆರೆ ಎಳೆಯುವುದು ಅವಳ ಪದ್ಧತಿ. ಒಬ್ಬೊಬ್ಬರ ಹೊಲಕ್ಕೆ ಒಂದೊಂದು ಸಾಲು. ಆ ಸಾಲುಗಳನ್ನು ನಾನು ಚಿಕ್ಕಂದಿನಿಂದ ನೋಡಿದ್ದೆ. ದಾಖಲೆಯೆಂದು ಎಂದೂ ತಿಳಿದಿರಲಿಲ್ಲ.

ಹೋಗಿ ನೋಡಿದೆ. ಹಬ್ಬಕ್ಕೆಂದು ಸುಣ್ಣ ಹೊಡೆದಿದ್ದರು. ಹೊಸ ಸುಣ್ಣದ ಮೇಲೆ, ಹಬ್ಬದ ಮುಂಚಿನ ವಾರದ ಅವರೆಕಾಯಿ ಬಿಡಿಸಿದ ಕೆಲಸದ್ದು, ನಾಲ್ಕು ಗೆರೆ ಇದ್ದುವು. ಅವನ್ನು ನನ್ನ ಅರ್ಥಶಾಸ್ತ್ರದ ನೋಟ್‌ಬುಕ್ಕಿನ ಕಡೆಯ ಹಾಳೆಯಲ್ಲಿ ತಾರೀಖಿನೊಡನೆ ಬರೆದುಕೊಂಡೆ. ಯಾರ ಹೊಲವೆಂದು ಅವ್ವ ಹೇಳಿದಳು, ಅದನ್ನೂ ಬರೆದೆ.